ಓಲೆಕಾರನ ಉತ್ತರ ಬರೆದವನು

ಒಂದು ಕೋಟೆ ಇತ್ತು. ಅದಕ್ಕೆ ಕಲ್ಲಿಲ್ಲ, ಗಾರೆಯಿಲ್ಲ. ಇದ್ದದ್ದೆಲ್ಲ ಬರೀ ಅಕ್ಷರ. ಬೇರೆ ಬೇರೆ ಊರುಗಳಲ್ಲಿ ಕೂತ ಹತ್ತಾರು ಜನ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಬರೆದು ಬರೆದು ಕಟ್ಟಿದ ಕೋಟೆ ಅದು. ಹೆಸರು ಕರಿಗುಡ್ಡ.

ಅದು ಹೇಗೆ ಎಂದು ಕೇಳುತ್ತೀರಿ. ಆನ್‌ಲೈನಿನಲ್ಲಿ ಡೈರಿ ಬರೆಯುವ ತಾಣಗಳಿರುತ್ತವೆ. ಅಂಥ ಒಂದು ತಾಣದಲ್ಲಿ ಈ ಬಳಗದವರು ತಮ್ಮ ಡೈರಿ ಬರೆಯುತ್ತಿರಲಿಲ್ಲ, ತಾವು ಆರಿಸಿಕೊಂಡ ಪಾತ್ರದ ಡೈರಿ ಬರೆಯುತ್ತಿದ್ದರು. ಒಬ್ಬರು ರಾಣಿ, ಒಬ್ಬರು ವೈದ್ಯ, ಒಬ್ಬರು ಉಗ್ರಾಣದವರು. ರಾಣಿಯ ಡೈರಿಯ ಕೆಳಗೆ ವೈದ್ಯ ಬಂದು ಒಂದು ಮಾತು ಬರೆಯುತ್ತಾನೆ, ಅದಕ್ಕೆ ರಾಣಿ ಉತ್ತರ ಬರೆಯುತ್ತಾಳೆ. ಹೀಗೆ ಒಬ್ಬರ ಸಾಲಿಗೆ ಇನ್ನೊಬ್ಬರ ಸಾಲು ಸೇರಿ ಕಥೆ ಮುಂದೆ ಹೋಗುತ್ತದೆ. ಇದಕ್ಕೆ ಪಾತ್ರದಾಟ ಎನ್ನುತ್ತಿದ್ದರು. ಮುಂದೇನಾಗುತ್ತದೆ ಎಂಬುದು ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ, ಅದೇ ಈ ಆಟದ ರುಚಿ.

ಈ ಬಳಗಕ್ಕೆ ರಾಣೆಬೆನ್ನೂರಿನ ಮೈಲಾರಿ ಎಂಬ ಯುವಕ ಹೊಸದಾಗಿ ಸೇರಿದ. ಫೋಟೋಗಳಿಗೆ ಫ್ರೇಮ್ ಹಾಕಿಕೊಡುವ ಅಂಗಡಿ ಅವನದು. ಬರವಣಿಗೆಯಲ್ಲಿ ಬಹಳ ಚುರುಕು. ಆ ಚುರುಕು ಅವನಿಗೇ ಸ್ವಲ್ಪ ಹೆಚ್ಚಾಗಿ ಗೊತ್ತಿತ್ತು. ಸೇರಿದ ದಿನವೇ ತನಗೆ ಸೇನಾಪತಿಯ ಪಾತ್ರ ಬೇಕೆಂದ.

ಬಳಗದ ಉಸ್ತುವಾರಿ ಮೈಸೂರಿನ ಕಾತ್ಯಾಯಿನಿ ಎಂಬವರದು. ರಾಣಿಯನ್ನು ಬರೆಯುವವರೂ ಅವರೇ. ಸೇನಾಪತಿ ಆಮೇಲೆ ನೋಡೋಣ, ಇಲ್ಲಿಗೆ ಯಾರೇ ಹೊಸಬರು ಬಂದರೂ ಮೊದಲು ಕೋಟೆಯ ಬಾಗಿಲು ಕಾಯಬೇಕು, ಅದು ಇಲ್ಲಿನ ಪದ್ಧತಿ ಎಂದು ಅವರು ತಿಳಿಸಿದರು. ಮೈಲಾರಿಗೆ ಮುಖ ಸಣ್ಣದಾಯಿತು. ಬಾಗಿಲು ಕಾಯುವುದರಲ್ಲಿ ಕಲಿಯುವುದೇನಿದೆ ಎಂದು ಕೇಳಿಯೇಬಿಟ್ಟ.

"ಬಾಗಿಲಲ್ಲಿ ನಿಂತೋನಿಗೆ ಎರಡೇ ಕೆಲಸ ಕಣಪ್ಪ," ಎಂದು ಕಾತ್ಯಾಯಿನಿ ಬರೆದರು. "ಕೇಳೋದು, ಕಾಯೋದು. ಉತ್ತರ ಕೊಡೋದು ಬಂದೋರ ಕೆಲಸ."

ಉಳಿದ ನಿಯಮಗಳನ್ನೂ ಹೇಳಿದರು. ನಿನ್ನ ಪಾತ್ರದ ಮೇಲೆ ಮಾತ್ರ ನಿನ್ನ ಕೈ. ಕತ್ತಿ ಬೀಸಿದೆ ಎಂದು ನೀನು ಬರೆಯಬಹುದು, ಅದು ತಾಗಿತೋ ತಪ್ಪಿತೋ ಎಂದು ಬರೆಯುವವರು ಎದುರಿನವರು. ಬರೆದದ್ದಕ್ಕೆ ಬೇರೆಯವರ ಸಾಲು ಕೂಡಿಕೊಂಡ ಮೇಲೆ ಅದನ್ನು ಅಳಿಸುವ ಹಾಗಿಲ್ಲ, ಅದರಿಂದ ನೋವಾದವರು ಕೇಳಿದರೆ ಮಾತ್ರ ಅಳಿಸಬಹುದು. ಮೈಲಾರಿ ಇದನ್ನೆಲ್ಲ ನಾವು ನೀವು ಆ್ಯಪ್‌ಗಳ ಷರತ್ತು ಓದುವ ಹಾಗೆ ಓದಿದ. ಅಂದರೆ ಕೆಳಗಿನ ತನಕ ಸರಿಸಿ ಒಪ್ಪಿಗೆ ಒತ್ತಿದ.

ಬಾಗಿಲು ಕಾಯುವ ತನ್ನ ಪಾತ್ರಕ್ಕೆ ಕೆಂಚ ಎಂದು ಹೆಸರಿಟ್ಟ. ಕೆಂಚನ ಊರು, ಬಾಲ್ಯ, ಕಷ್ಟ ಸುಖ ಎಲ್ಲ ಸೇರಿಸಿ ಒಂದೇ ಸಂಜೆಯಲ್ಲಿ ಡೈರಿಯ ಮೊದಲ ಪುಟಗಳನ್ನು ಬರೆದು ಮುಗಿಸಿದ. ಬರೆದದ್ದನ್ನು ಮತ್ತೆ ತಿರುಗಿ ನೋಡಲಿಲ್ಲ. ಅವನ ಕಣ್ಣೆಲ್ಲ ಸೇನಾಪತಿಯ ಮೇಲಿತ್ತು.

ಆ ಹೊತ್ತಿಗೆ ಕಥೆಯಲ್ಲಿ ಕರಿಗುಡ್ಡಕ್ಕೆ ಶತ್ರುಗಳು ಮುತ್ತಿಗೆ ಹಾಕಿದ್ದರು. ಉಗ್ರಾಣ ಬರಿದಾಗುತ್ತಿತ್ತು. ರಾಣಿ ನೆರೆಯ ದೊರೆಯ ಸಹಾಯ ಕೇಳಲು ಭೈರ ಎಂಬ ಓಲೆಕಾರನನ್ನು ಕಳಿಸಿದ್ದಳು. ಅವನು ತರುವ ಸುದ್ದಿಯ ಮೇಲೆ ಇಡೀ ಕೋಟೆಯ ಪ್ರಾಣ ನಿಂತಿತ್ತು. ಆ ಸುದ್ದಿ ಏನೆಂದು ಗೊತ್ತಿದ್ದದ್ದು ಒಬ್ಬಳಿಗೇ. ಅವಳು ಭೈರನನ್ನು ಬರೆಯುವ ಹೊನ್ನಾವರದ ಸಬೀಹಾ.

ಸಬೀಹಾ ಒಂದು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕೂತು ರೋಗಿಗಳ ಹೆಸರು ಬರೆದುಕೊಳ್ಳುವವಳು. ಬಳಗ ಹುಟ್ಟಿದಾಗಿನಿಂದಲೂ ಅವಳು ಭೈರನನ್ನೇ ಬರೆದುಕೊಂಡು ಬಂದಿದ್ದಳು. ಬರೆಯುವುದು ನಿಧಾನ. ಅವಳ ಸಾಲಿಗಾಗಿ ಬಳಗ ಊಟ ಬಿಟ್ಟು ಕಾಯುತ್ತಿತ್ತು ಎಂದರೆ ಸುಳ್ಳಾದೀತು, ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಊಟ ಮಾಡುತ್ತಿತ್ತು ಎನ್ನಿ.

ಒಂದು ಭಾನುವಾರ ಸಂಜೆ ಕೋಟೆಯ ಪುಟದಲ್ಲಿ ಸಬೀಹಾಳ ಸಾಲು ಕಾಣಿಸಿತು. ಕತ್ತಲಲ್ಲಿ ಯಾರೋ ಬಂದು ಬಾಗಿಲು ತಟ್ಟಿದರು, ಮೈಮೇಲೆ ಶತ್ರು ದಂಡಿನ ಅಂಗಿ ಇತ್ತು ಎಂದಷ್ಟೇ ಬರೆದಿದ್ದಳು. ಓಲೆಕಾರ ವೇಷ ಮರೆಸಿಕೊಂಡು ಬಂದಿದ್ದಾನೆ ಎಂದು ಓದಿದವರೆಲ್ಲ ಊಹಿಸಿದರು. ಆದರೆ ಕೋಟೆಯೊಳಗಿನ ಪಾತ್ರಗಳಿಗೆ ಅದು ಗೊತ್ತಿಲ್ಲವಲ್ಲ. ಬಾಗಿಲಲ್ಲಿದ್ದವನು ಕೆಂಚ. ಮೈಲಾರಿ ಕೂಡಲೇ ಬರೆದ. ಕೆಂಚ ಈಟಿ ಹಿಡಿದು, ಯಾರು ನೀನು, ಏನು ಸುದ್ದಿ ತಂದೆ ಎಂದು ಕೇಳಿದ.

ಉತ್ತರ ಬರಲಿಲ್ಲ.

ಅಷ್ಟರಲ್ಲಿ ಬಳಗದವರೆಲ್ಲ ಪುಟಕ್ಕೆ ಬಂದು ಸೇರಿದರು. ರಾಣಿ ಮೆಟ್ಟಿಲಿಳಿದು ಬಂದು ನಿಂತಳು. ಉಗ್ರಾಣದವನು ಕೊನೆಯ ಮೂಟೆಯ ಬಾಯಿ ಬಿಚ್ಚಿದೆ ಎಂದು ಬರೆದ. ಶತ್ರು ದಂಡನ್ನು ಬರೆಯುತ್ತಿದ್ದವರು, ಗುಡ್ಡದ ಬುಡದಲ್ಲಿ ಪಂಜುಗಳು ಕಾಣಿಸಿಕೊಂಡವು, ಮೇಲೆ ಹತ್ತುತ್ತಿವೆ ಎಂದು ಬರೆದರು. ಬಾಗಿಲಾಚೆ ನಿಂತವನು ಮಾತ್ರ ಬಾಯಿ ತೆರೆಯಲಿಲ್ಲ.

ಮೈಲಾರಿ ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿದ. ಅಂಗಡಿಯ ಬಾಗಿಲು ಅರ್ಧ ಎಳೆದು ಒಳಗೆ ಕೂತಿದ್ದ. ಪಂಜುಗಳು ಇನ್ನೂ ಹತ್ತಿರ ಬಂದವು. ಆಗ ಕಾತ್ಯಾಯಿನಿಯವರಿಂದ ಅವನೊಬ್ಬನಿಗೇ ಒಂದು ಸಂದೇಶ ಬಂತು. ಸಬೀಹಾ ಬರೀತಿದಾಳೆ, ಸ್ವಲ್ಪ ತಡ್ಕೊ ಎಂದಿತ್ತು.

ಅವನು ಅದನ್ನು ಓದಿದ. ಓದಲಿಲ್ಲ ಎಂದು ಆಮೇಲೆ ಹೇಳುವ ಹಾಗಿರಲಿಲ್ಲ. ಆದರೂ ತಡೆದುಕೊಳ್ಳಲಿಲ್ಲ. ಎಲ್ಲರೂ ನೋಡುತ್ತಿರುವಾಗ ಕೋಟೆಯನ್ನು ಉಳಿಸಿದವನು ಕೆಂಚ ಎಂದಾದರೆ ಸೇನಾಪತಿಯ ಪಾತ್ರವನ್ನು ಕೇಳುವುದೇ ಬೇಕಿಲ್ಲ, ಅವರೇ ಕರೆದು ಕೊಡುತ್ತಾರೆ ಎಂಬ ಆಸೆ ಹೊಕ್ಕಿತ್ತು. ಬೆರಳು ಓಡಿದವು. ಕೆಂಚ ಬಂದವನನ್ನು ಒಳಗೆಳೆದು ಬಾಗಿಲು ಮುಚ್ಚಿದ, ಅವನು ತಲೆ ತಗ್ಗಿಸಿ, ನಾನೇ ಭೈರ, ಶತ್ರುವಿಗೆ ನನ್ನನ್ನು ಮಾರಿಕೊಂಡೆ ಎಂದ, ಕೆಂಚನ ಈಟಿ ಅವನ ಎದೆ ಹೊಕ್ಕಿತು, ಅವನು ಮುಖ ಕೆಳಗಾಗಿ ಬಿದ್ದ, ಪ್ರಾಣ ಹೋಯಿತು ಎಂದು ಬರೆದು ಕಳಿಸಿಬಿಟ್ಟ.

ಅದೇ ಆವೇಶದಲ್ಲಿ ಇನ್ನಿಬ್ಬರು ಸಾಲು ಕೂಡಿಸಿದರು. ಸೈನಿಕನನ್ನು ಬರೆಯುವವನು ಜಯಕಾರ ಹಾಕಿದ. ವೈದ್ಯನನ್ನು ಬರೆಯುವವನು ಬಂದು ನಾಡಿ ಹಿಡಿದು, ಮುಗಿಯಿತು ಎಂದ. ಅಲ್ಲಿಗೆ ಭೈರ ಸತ್ತದ್ದು ಗಟ್ಟಿಯಾಯಿತು.

ಕಾತ್ಯಾಯಿನಿಯವರ ಸಂದೇಶ ಬರಲು ತಡವಾಗಲಿಲ್ಲ. ಏನು ಮಾಡಿದೆ ನೀನು ಎಂದು ಕೇಳಿದರು.

"ಕಥಿ ನಿಂತಬಿಟ್ಟಿತ್ತಲ್ರೀ ಅಕ್ಕಾರ," ಎಂದು ಮೈಲಾರಿ ಬರೆದ. "ಅದಕ್ಕ ನಾನ ಮುಂದ ಓಡಿಸಿದೆ."

"ನೀನು ಓಡಿಸಿದ್ದು ನಿನ್ನ ಗಾಡಿ ಅಲ್ಲಪ್ಪ," ಎಂದರು ಅವರು.

ಆಮೇಲೆ ನಡೆದದ್ದನ್ನು ಬಿಡಿಸಿ ಹೇಳಿದರು. ಸತ್ತವನು ಮಾತಾಡುವುದಿಲ್ಲ. ಭೈರನೊಂದಿಗೆ ಅವನು ತಂದ ಸುದ್ದಿಯೂ ಸತ್ತಿತು, ಸಹಾಯ ಬರುತ್ತಿದೆಯೋ ಇಲ್ಲವೋ ಎಂದು ಕೋಟೆಯಲ್ಲಿ ಇನ್ನು ಯಾರೂ ಬರೆಯುವಂತಿಲ್ಲ. ಸಬೀಹಾ ಇಷ್ಟು ಕಾಲ ಬೆಳೆಸಿದ ಮನುಷ್ಯ ಅವಳನ್ನು ಒಂದು ಮಾತೂ ಕೇಳದೆ ದ್ರೋಹಿಯಾದ, ಹೆಣವೂ ಆದ. ಇದನ್ನು ಅಳಿಸಿ ಎಂದು ಅವಳೇ ಬಾಯಿಬಿಟ್ಟು ಹೇಳಬೇಕು, ಅವಳು ಮಾತಾಡುತ್ತಿಲ್ಲ. ಬರುತ್ತಾಳೋ ಇಲ್ಲವೋ ಅದೂ ಗೊತ್ತಿಲ್ಲ.

ಮರುದಿನ ಕೋಟೆಯಲ್ಲಿ ಯಾರೂ ಏನೂ ಬರೆಯಲಿಲ್ಲ. ಅದರ ಮರುದಿನವೂ ಇಲ್ಲ. ಜಯಕಾರ ಹಾಕಿದವನಿಗೂ ನಾಡಿ ನೋಡಿದವನಿಗೂ ಒಳಗೊಳಗೇ ನಾಚಿಕೆ. ಪಂಜುಗಳು ಗುಡ್ಡದ ನಡುವೆ ನಿಂತಲ್ಲೇ ನಿಂತಿದ್ದವು. ಮೈಲಾರಿ ಅಂಗಡಿಯಲ್ಲಿ ಗಾಜನ್ನು ಅಳತೆ ತಪ್ಪಿ ಕೊಯ್ದ, ಇನ್ನೊಂದು ತೆಗೆದು ಅದನ್ನೂ ತಪ್ಪಿ ಕೊಯ್ದ. ಬರೀ ಆಟ ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನವಾಗಲಿಲ್ಲ.

ಕೊನೆಗೆ ಸಬೀಹಾಗೆ ಕ್ಷಮೆ ಕೇಳಿ ಬರೆಯಲು ಕೂತ. ಮೊದಲು ಬರೆದದ್ದರಲ್ಲಿ ಪಂಜುಗಳ ಮೇಲೆ, ಅವಳ ನಿಧಾನದ ಮೇಲೆ ಎಲ್ಲ ತಪ್ಪು ಹೊರಿಸಿದ್ದ. ತಿರುಗಿ ಓದಿದಾಗ ಅವನಿಗೇ ಅಸಹ್ಯವಾಗಿ ಅಳಿಸಿದ.

"ತಪ್ಪು ನಂದ ಐತ್ರಿ," ಎಂದು ಬರೆದ. "ಅಳಸು ಅಂತ ನೀವು ಒಂದು ಮಾತು ಹೇಳ್ರಿ, ನಾನ ಅಳಸ್ತೀನಿ."

ಕಳಿಸಿದ ಮೇಲೆ ಕಾಯುವುದು ಬಿಟ್ಟು ಅವನಿಗೆ ಬೇರೆ ದಾರಿ ಇರಲಿಲ್ಲ. ಫೋನ್ ಸದ್ದಾದಾಗಲೆಲ್ಲ ಕೈಯ ಕೆಲಸ ಬಿಟ್ಟು ಓಡುತ್ತಿದ್ದ. ಎತ್ತಿ ನೋಡಿದರೆ ಫ್ರೇಮ್ ಆಯಿತೇ ಎಂದು ಕೇಳುವ ಗಿರಾಕಿಗಳು. ಅವಳ ಉತ್ತರ ಬಂದದ್ದು ಇನ್ನು ಬರುವುದಿಲ್ಲ ಎಂದು ಅವನು ಆಸೆ ಬಿಟ್ಟ ಮೇಲೆ.

"ಅಳಿಸೋದು ಬೇಡ. ಎಲ್ಲರೂ ಓದಿ ಆಗಿದೆ, ಓದಿದ್ದನ್ನ ಅವರ ತಲೆಯಿಂದ ಅಳಿಸಲಿಕ್ಕೆ ಆಗೋದಿಲ್ಲ," ಎಂದು ಸಬೀಹಾ ಬರೆದಿದ್ದಳು. "ಅವತ್ತು ಯಾಕೆ ತಡ ಆಯ್ತು ಹೇಳ್ತೇನೆ. ನಿನ್ನ ಕೆಂಚನ ಡೈರಿಯನ್ನ ಮೊದಲಿಂದ ಓದ್ತಾ ಇದ್ದೆ. ಕೆಂಚ ಚಿಕ್ಕವನಿದ್ದಾಗ ದಂಡು ಬಂದು ಅವನ ಅಣ್ಣನನ್ನ ಎಳಕೊಂಡು ಹೋಯ್ತು, ಆಮೇಲೆ ಅಣ್ಣನನ್ನ ನೋಡಲೇ ಇಲ್ಲ ಅಂತ ಬರೆದಿದ್ದೀಯಲ್ಲ. ಭೈರನೇ ಆ ಅಣ್ಣ ಅಂತ ಮಾಡುವಾ ಅನ್ನಿಸ್ತು. ನೀನು ಹೊಸಬ, ಕೋಟೆಯಲ್ಲಿ ನಿನ್ನ ಕೆಂಚನಿಗೆ ಯಾರೂ ಇರಲಿಲ್ಲ. ಆದರೆ ಕೆಂಚ ನಿನ್ನವನು, ನಿನ್ನ ಕೇಳದೆ ಹಾಗೆ ಬರೆಯಬಾರದು. ಭೈರನನ್ನ ನಿನ್ನ ಕೆಂಚನಿಗೆ ಅಣ್ಣ ಮಾಡಲಾ ಅಂತ ನಿನಗೆ ಸಂದೇಶ ಟೈಪ್ ಮಾಡ್ತಾ ಇದ್ದೆ. ಅಷ್ಟರಲ್ಲಿ ನೀನು ಕೊಂದೆ."

ಮೈಲಾರಿಗೆ ಅಂಗಡಿಯಲ್ಲೇ ಅಳು ಬಂತು. ಗೋಡೆಗೆ ಒರಗಿಸಿದ್ದ ಫ್ರೇಮ್‌ಗಳ ನಡುವೆ ಕೂತು ಅತ್ತ. ಒಳಗೆ ಬಂದ ಗಿರಾಕಿಯೊಬ್ಬರು ಮನೆಯಲ್ಲಿ ಏನಾದರೂ ಆಯಿತೇ ಎಂದು ಗಾಬರಿಯಿಂದ ಕೇಳಿದರು. ಏನೆಂದು ಹೇಳಿಯಾನು? ಇಲ್ಲದ ಅಣ್ಣನನ್ನು ಇಲ್ಲದ ಈಟಿಯಿಂದ ಕೊಂದೆ ಎಂದರೆ ಯಾರು ನಂಬುತ್ತಾರೆ? ಧೂಳು ಹೋಯಿತು ಎಂದು ಕಣ್ಣೊರೆಸಿಕೊಂಡ.

ಆ ಗಿರಾಕಿ ಹೋದ ಮೇಲೆ ಸಬೀಹಾಗೆ ಮತ್ತೆ ಬರೆದ.

"ಅಕ್ಕಾರ, ಒಂದು ಕೇಳ್ತೀನ್ರಿ. ಕೆಂಚ ಅವನ್ನ ಹೊರಳಿಸಿ ಮುಖ ನೋಡಬಹುದೇನ್ರಿ?"

ಬಳಗಕ್ಕೆ ಸೇರಿದ ಮೇಲೆ ಅವನು ಇನ್ನೊಬ್ಬರ ಅಪ್ಪಣೆ ಕೇಳಿದ್ದು ಅದೇ ಮೊದಲು. ಉತ್ತರ ಕೂಡಲೇ ಬರಲಿಲ್ಲ. ಅವನು ಫೋನನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿಕೊಂಡು, ಅದನ್ನೇ ನೋಡುತ್ತ ಕೂತ. ಕೊನೆಗೆ ಬಂತು. "ನೋಡಲಿ," ಎಂದಿದ್ದಳು ಸಬೀಹಾ. "ಗುರುತು ಸಿಗ್ತದೆ. ಆಮೇಲೆ ಕೆಂಚ ಏನು ಮಾಡ್ತಾನೆ ಅನ್ನೋದು ನಿನಗೆ ಬಿಟ್ಟದ್ದು."

ಮೈಲಾರಿ ಕೋಟೆಯ ಪುಟ ತೆರೆದ. ಕೆಂಚ ಬಗ್ಗಿ ಆ ಮನುಷ್ಯನನ್ನು ಹೊರಳಿಸಿದ, ಪಂಜನ್ನು ಮುಖದ ಹತ್ತಿರ ಹಿಡಿದ, ಅದು ತನ್ನ ಅಣ್ಣನ ಮುಖ ಎಂದು ಬರೆದ. ಅಲ್ಲಿಂದ ಮುಂದೆ ಒಂದು ಪದವೂ ಏಳಲಿಲ್ಲ. ಅಳುತ್ತಾನೆಯೇ, ಈಟಿ ಬಿಸಾಡುತ್ತಾನೆಯೇ, ಬಾಗಿಲು ತೆರೆದು ಪಂಜುಗಳ ಕಡೆಗೆ ನಡೆದುಬಿಡುತ್ತಾನೆಯೇ? ಯಾವುದನ್ನು ಬರೆದರೂ ಸುಳ್ಳೆನಿಸಿತು. ಬರೆದ, ಅಳಿಸಿದ, ಮತ್ತೆ ಬರೆದ.

ಬಳಗದವರಿಗೆ ಸುದ್ದಿ ಮುಟ್ಟಿ ಒಬ್ಬೊಬ್ಬರೇ ಪುಟಕ್ಕೆ ಮರಳಿದರು. ರಾಣಿ ಬಂದಳು, ಉಗ್ರಾಣದವನು ಬಂದ, ವೈದ್ಯ ಬಂದ. ಅವರೆಲ್ಲ ಪಳಗಿದ ಕೈಗಳು. ಕೆಂಚ ಅಣ್ಣನ ಮೇಲೆ ಬಿದ್ದು ಗೋಳಾಡಿದ ಎಂದು ಯಾರು ಬೇಕಾದರೂ ಒಂದು ನಿಮಿಷದಲ್ಲಿ ಬರೆದು ಕಥೆಯನ್ನು ಮುಂದೆ ನೂಕಬಹುದಿತ್ತು. ಸಬೀಹಾ ಬರೆಯಬಹುದಿತ್ತು, ಅವಳಿಗಂತೂ ಬೇಕಾದಷ್ಟು ಕಾರಣವಿತ್ತು. ಮೈಲಾರಿ, ಈಗ ಯಾರಾದರೂ ಬರೆದೇಬಿಡುತ್ತಾರೆ ಎಂದು ಕಾದ.

ಯಾರೂ ಬರೆಯಲಿಲ್ಲ. ಆ ದಿನ ಹೋಯಿತು, ಇನ್ನೂ ಕೆಲವು ದಿನ ಹೋದವು. ಬೇಗ ಬರಿ ಎಂದು ಅವನಿಗೆ ಒಬ್ಬರೂ ಹೇಳಲಿಲ್ಲ. ಅವನ ಸಾಲಿನ ಕೆಳಗಿನ ಜಾಗವನ್ನು ಅವನಿಗೇ ಬಿಟ್ಟು ಇಡೀ ಕೋಟೆ ಸುಮ್ಮನೆ ನಿಂತಿತ್ತು.

ನೀತಿ: ಪ್ರಶ್ನೆ ಕೇಳುವುದಷ್ಟೇ ನಮ್ಮದು, ಉತ್ತರ ಎದುರಿನವರದು. ಅವರು ತಡಮಾಡಿದರೆಂದು ಅವರ ಬಾಯಿಯ ಮಾತನ್ನು ನಾವು ಆಡಬಾರದು. ಆ ತಡ ನಮ್ಮ ಒಳ್ಳೆಯದಕ್ಕೇ ಆಗಿದ್ದಿರಬಹುದು. ಪಾತ್ರದಾಟಕ್ಕೆ ಹೊಸದಾಗಿ ಇಳಿಯುವವರು ಮೊದಲು ಕಲಿಯಬೇಕಾದದ್ದು ಇದು. ಆಟವಾಡದವರಿಗೂ ಮನೆಯಲ್ಲಿ ದಿನಾ ಬೇಕಾಗುತ್ತದೆ.