ಎರೆಗುಂದದ ಕದಲದಮ್ಮ

ಎರೆಗುಂದ ನಗರದ ರೈಲು ನಿಲ್ದಾಣದಿಂದ ಹೊರಬಿದ್ದು ಬಲಕ್ಕೆ ತಿರುಗಿದರೆ ಒಂದು ದೊಡ್ಡ ಕಲ್ಯಾಣಮಂಟಪ ಸಿಗುತ್ತದೆ. ಅದರ ಮುಂದೆ ಕಾರು ನಿಲ್ಲಿಸುವ ಬಯಲಿನ ನಟ್ಟನಡುವೆ, ಬಂದವರಿಗೆಲ್ಲ ಅಡ್ಡವಾಗಿ, ಆಳೆತ್ತರದ ಒಂದು ಗುಡಿಯಿದೆ. ಒಳಗೆ ವಿಗ್ರಹವಿಲ್ಲ, ಹಿತ್ತಾಳೆಯ ಕಲಶವೊಂದೇ. ಇದೇ ಕದಲದಮ್ಮ. ಇತ್ತೀಚೆಗೆ ಯಾರೋ ಪುಣ್ಯಾತ್ಮರು ‘ಕದಲದ ಸಂಪತ್ತು ಕರುಣಿಸುವ ತಾಯಿ’ ಎಂದು ಫಲಕ ಹಾಕಿಸಿದ್ದಾರೆ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಈ ಊರಿನಲ್ಲಿ ಸಂಪತ್ತು ಕದಲದೆ ನಿಂತದ್ದನ್ನು ಕಂಡವರು ಯಾರು? ಹೆಸರು ಬಂದ ಬಗೆಯೇ ಬೇರೆ. ಹಿರಿಯರ ಬಾಯಿಂದ ಅದನ್ನು ಕೇಳಿದ ದಿನ ನಾನು ಊಟ ಮಾಡಲಿಲ್ಲ.

ಹಿಂದೆ ಒಮ್ಮೆ ಈ ಬಯಲಿನಲ್ಲಿ ಬಟ್ಟೆಯ ಮಿಲ್ಲು ಇತ್ತು. ಅದರ ಭೋಂಗಾ ಕೂಗಿದರೆ ಊರು ಏಳುತ್ತಿತ್ತು, ಕೂಗಿದರೆ ಉಣ್ಣುತ್ತಿತ್ತು. ಪ್ರತಿ ವರ್ಷ ಖಂಡೇಪೂಜೆಯ, ಎಂದರೆ ಆಯುಧಪೂಜೆಯ ದಿನ ಕಾರ್ಮಿಕರು ಯಂತ್ರಗಳನ್ನು ನಿಲ್ಲಿಸಿ, ಸುತ್ತಿಗೆ, ಕತ್ತರಿ, ಪಾನಾಗಳನ್ನೆಲ್ಲ ತೊಳೆದು ಸಾಲಾಗಿಟ್ಟು, ನಡುವೆ ಅಮ್ಮನ ಕಲಶ ಹೂಡುತ್ತಿದ್ದರು. ಮರುದಿನ ಬೆಳಗ್ಗೆ ಹಿರಿಯ ಮೇಸ್ತ್ರಿಯೊಬ್ಬ ಬಂದು ಆ ಕಲಶವನ್ನು ಒಂದಿಷ್ಟು ಕದಲಿಸಿದರೆ ಪೂಜೆ ಮುಗಿದಂತೆ. ಅಲ್ಲಿಯವರೆಗೆ ಪೂಜೆಗಿಟ್ಟ ಆಯುಧವನ್ನಾಗಲಿ ಯಂತ್ರವನ್ನಾಗಲಿ ಯಾರೂ ಮುಟ್ಟಬಾರದು. ಮುಟ್ಟಿದ ಕೈಗೆ ಆಮೇಲೆ ಕಲಶ ಮುಟ್ಟುವ ಅಧಿಕಾರವಿಲ್ಲ. ಮಾಲೀಕರಿಗೂ ಈ ಕಟ್ಟಳೆ ಗೊತ್ತಿತ್ತು. ಒಂದು ವರ್ಷ ಕಾರ್ಮಿಕರು ತಾವಾಗಿಯೇ ಆಯುಧ ಕೆಳಗಿಟ್ಟು, ಕೈಮುಗಿದು, ಮಂಡಕ್ಕಿ-ಬೆಲ್ಲ ಕಟ್ಟಿಕೊಂಡು ಮನೆಗೆ ಹೋದರು. ಬೆಳಗ್ಗೆ ಬನ್ನಿ ಹಿಡಿದು ಬಂದಾಗ ಗೇಟಿಗೆ ಬೀಗ ಬಿದ್ದಿತ್ತು. ಹಬ್ಬದ ದಿನ ಇಂಥ ಕೆಲಸ ಮಾಡುವ ಮನುಷ್ಯರೂ ಇರುತ್ತಾರೆಯೇ ಎಂದು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ!

ಆ ವರ್ಷ ಕಲಶ ಕದಲಿಸಬೇಕಾಗಿದ್ದ ಹಿರಿಯ ಮೇಸ್ತ್ರಿ ಅಡಿವೆಪ್ಪ. “ಮಿಲ್ಲು ಮುಚ್ಚಿಲ್ಲ, ಪೂಜಿ ಮುಗಿದಿಲ್ಲ ಅಷ್ಟ” ಎಂದು ಅವನು ಸಾರಿಬಿಟ್ಟ. ಊರು ಆ ಮಾತಿಗೆ ಜೋತುಬಿತ್ತು. ಪೂಜೆಯಲ್ಲಿರುವ ಆಯುಧ ಬಿಟ್ಟು ಬೇರೆ ಕಡೆ ದುಡಿಯಲು ಹೋಗುವುದು ಅಮ್ಮನಿಗೆ ಬೆನ್ನು ಮಾಡಿದಂತೆ ಎಂದು ಯಾರೂ ಕದಲಲಿಲ್ಲ. ಮಿಲ್ಲಿನಲ್ಲಿ ಹೇಗೆ ಮೂರು ಪಾಳಿ ಇತ್ತೋ ಹಾಗೆಯೇ ಗೇಟಿನ ಮುಂದೆ ಮೂರು ಪಾಳಿಯಲ್ಲಿ ಕಾವಲು ಕೂತರು. ಮೊದಲು ಖಾನಾವಳಿಗಳು ಮುಚ್ಚಿದವು, ಆಮೇಲೆ ದರ್ಜಿಗಳು ಊರು ಬಿಟ್ಟರು, ಆಮೇಲೆ ಶಾಲೆಯಲ್ಲಿ ಹುಡುಗರು ಕಡಿಮೆಯಾದರು. ಎರೆಗುಂದಕ್ಕೆ ಹೆಣ್ಣು ಕೊಡುವವರು ಇಲ್ಲವಾದರು. ವರ್ಷಗಳು ಹೀಗೇ ಉರುಳಿದವು. ಅಡಿವೆಪ್ಪನ ಅಳಿಯ ನಿಂಗಬಸಪ್ಪನಿಗೆ ಸೊಲ್ಲಾಪುರದ ಮಿಲ್ಲೊಂದರಿಂದ ಕರೆ ಬಂದಿತ್ತು. ಮಾವನ ಮಾತು ಮೀರಲಾರದೆ ಅವನೂ ಉಳಿದ. ಮಗಳು ಕಲ್ಲವ್ವ ಸೊರಗುವುದನ್ನು ನೋಡಿ ನೋಡಿ ಅಡಿವೆಪ್ಪನಿಗೆ ತನ್ನ ಮಾತೇ ಕೊರಳಿಗೆ ಉರುಳಾಯಿತು. ಆದರೂ ಕಲಶ ಕದಲದೆ ಮಾತು ಹಿಂತೆಗೆದುಕೊಳ್ಳುವುದು ಹೇಗೆ?

ಕೊನೆಗೆ ನ್ಯಾಯಾಲಯದ ಆದೇಶವಾಗಿ, ಯಂತ್ರಗಳನ್ನು ಹರಾಜು ಹಾಕಲು ಅಧಿಕಾರಿಯೊಬ್ಬರು ಬಂದರು. ಮೊದಲು ನಮ್ಮ ಪೂಜೆ ಮುಗಿಯಲಿ ಎಂದು ಜನ ಪಟ್ಟು ಹಿಡಿದರು. ಒಬ್ಬನೇ ಒಳಗೆ ಬರಲಿ ಎಂದು ಅಧಿಕಾರಿ ಒಪ್ಪಿದರು. ಅಡಿವೆಪ್ಪ ಮಿಂದು, ಉಪವಾಸವಿದ್ದು, ಮಡಿಯುಟ್ಟು ಬಂದ. ಗೇಟಿನ ಬಳಿ ಅಳಿಯನ ಹೆಗಲ ಮೇಲೆ ಕೈಯಿಟ್ಟು, “ಇವತ್ತ ಅಮ್ಮನ್ನ ಕದಲಿಸಿ ಬರ್ತೀನಪಾ. ನಾಳಿಂದ ನೀ ಎಲ್ಲಿ ಬೇಕಾದ್ರೂ ದುಡೀಲಿಕ್ಕೆ ಹೋಗು, ನನ್ನ ಮಗಳು ಹೊಟ್ಟಿತುಂಬ ಉಣ್ಣಲಿ” ಎಂದನಂತೆ. ನಿಂಗಬಸಪ್ಪ, “ಬ್ಯಾಡ ಮಾವಾ, ನೀ ಒಳಗ ಹೋಗಬ್ಯಾಡ” ಎಂದಷ್ಟೇ ಹೇಳಿ ಮುಖ ತಿರುಗಿಸಿದ. ಮುದುಕನಿಗೆ ಅದರ ಅರ್ಥವಾಗಲಿಲ್ಲ.

ಬಾಗಿಲು ತೆರೆದರೆ ಒಳಗೆ ಏನೂ ಇರಲಿಲ್ಲ. ಯಂತ್ರವೊಂದೂ ಇಲ್ಲ! ಅಷ್ಟು ದೊಡ್ಡ ಶೆಡ್ಡಿನಲ್ಲಿ ನೆಲಕ್ಕೆ ಹೂತ ಬೋಲ್ಟುಗಳು ಮಾತ್ರ ತಲೆಯೆತ್ತಿ ನಿಂತಿದ್ದವು. ಸಾಲಾಗಿಟ್ಟ ಆಯುಧಗಳೂ ಇಲ್ಲ. ಹಿಂದಿನ ಗೋಡೆಯಲ್ಲಿ ಬಂಡಿ ಹೋಗುವಷ್ಟು ದೊಡ್ಡ ಕಂಡಿ, ಅದಕ್ಕೆ ಒಪ್ಪವಾಗಿ ಮುಚ್ಚಿದ ತಗಡು. ನಡುವೆ ಕಲಶ ಮಾತ್ರ ಇಟ್ಟಲ್ಲೇ ಇತ್ತು. ಮಾರಿದರೆ ನಾಲ್ಕು ದಿನದ ಊಟಕ್ಕಾಗುವ ಹಿತ್ತಾಳೆ, ಅದನ್ನು ಯಾರೂ ಒಯ್ದಿರಲಿಲ್ಲ. ಅಡಿವೆಪ್ಪ ಹತ್ತಿರ ಹೋಗಿ ಬಗ್ಗಿ ನೋಡಿದ. ಕಲಶದ ಮೇಲಿನ ಸೇವಂತಿಗೆ ಬಾಡಿರಲಿಲ್ಲ. ಕುಂಕುಮ ಹಸಿಯಾಗಿತ್ತು. ಹೂವನ್ನು ಮಿಲ್ಲಿನ ನೂಲಿನಿಂದ, ಮಿಲ್ಲಿನವರಷ್ಟೇ ಹಾಕುವ ಗಂಟು ಹಾಕಿ ಕಟ್ಟಿದ್ದರು. ಮುಂದೆ ಕಾವಲು ಕೂತವರೇ ಹಿಂದಿನಿಂದ ಬಂದು, ದಿನಾ ಅಮ್ಮನಿಗೆ ಹೂವೇರಿಸಿ, ಊದುಬತ್ತಿ ಹಚ್ಚಿ, ಒಂದೊಂದೇ ಯಂತ್ರ ಬಿಚ್ಚಿ ಸಾಗಿಸಿದ್ದರು. ದುಡಿಮೆಯಿಲ್ಲದೆ ಇಷ್ಟು ವರ್ಷ ತನ್ನ ಮನೆಯ ಒಲೆ ಹೇಗೆ ಉರಿಯಿತು ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ.

“ಯಾರು ಕದ್ದಿದ್ದು ಇದನ್ನೆಲ್ಲ?” ಎಂದು ಅಧಿಕಾರಿ ಕಿರುಚಿದರು. ಮುದುಕ ಕಲಶದತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಗೇಟಿಗೆ ಬಂದ. ಊರಿಗೆ ಊರೇ ಅಲ್ಲಿ ನೆರೆದಿತ್ತು.

“ಅಮ್ಮ ಕದಲಲಿಲ್ರೀ” ಎಂದ. “ಆ ಯಂತ್ರ ಮಾರಿದ ಅನ್ನ ಉಂಡ ಕೈ ಇದು, ಇದಕ್ಕ ಕದಲಂಗಿಲ್ಲ ಆಕಿ. ಪೂಜೀಗಿಟ್ಟದ್ದನ್ನ ಮುಟ್ಟದ ಕೈ ನಿಮ್ಮೊಳಗ ಯಾರ್ದರ ಇದ್ರ ಬರ್ರಿ. ಬಂದು ಕದಲಿಸ್ರಿ.”

ಯಾರೂ ಬರಲಿಲ್ಲ. ನಿಂಗಬಸಪ್ಪ ಎರಡೂ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಒಯ್ದ. ಅವನ ಪಕ್ಕದವನೂ ಹಾಗೆಯೇ ಮಾಡಿದ. ನೋಡನೋಡುತ್ತ ಗೇಟಿನಿಂದ ನಿಲ್ದಾಣದವರೆಗೆ ನಿಂತಿದ್ದ ಗಂಡಸರೆಲ್ಲರ ಕೈ ಬೆನ್ನ ಹಿಂದೆ ಹೋಯಿತು ಎನ್ನುತ್ತಾರೆ. ಕಡೆಗೆ ಅಡಿವೆಪ್ಪನೂ ತನ್ನ ಕೈ ಹಿಂದೆ ಕಟ್ಟಿಕೊಂಡು ಹೋಗಿ ಅಳಿಯನ ಪಕ್ಕದಲ್ಲಿ ನಿಂತ.

ಮಿಲ್ಲನ್ನು ಕೆಡವಿದರು, ಜಾಗ ಮಾರಿದರು, ಮದುವೆಯ ಮಂಟಪ ಎದ್ದಿತು. ಕಲಶವನ್ನು ಎತ್ತಲು ಮಾತ್ರ ಊರಲ್ಲಿ ಒಬ್ಬ ಆಳೂ ಸಿಗಲಿಲ್ಲ. ಅದರ ಸುತ್ತಲೇ ಗೋಡೆ ಕಟ್ಟಿದರು. ಇಂದಿಗೂ ಅಲ್ಲಿ ಯಾರೂ ಕೈಮುಗಿಯುವುದಿಲ್ಲ. ಬಂದವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ತಲೆ ಬಗ್ಗಿಸಿ ನಿಲ್ಲುತ್ತಾರೆ. ಹೂವನ್ನು ಕೋಲಿನ ತುದಿಯಿಂದ ಏರಿಸುತ್ತಾರೆ. ಮದುವೆಗೆ ಬಂದ ಪರ ಊರಿನವರು ಗೊತ್ತಿಲ್ಲದೆ ಕಲಶ ಮುಟ್ಟಲು ಹೋದರೆ, ಕಾರು ಕಾಯುವ ಮುದುಕ ಕೂತಲ್ಲಿಂದಲೇ ಹೇಳುತ್ತಾನೆ: “ಕೈ ಹಿಂದಿರ್ಲಿರೀ ಯಪ್ಪಾ, ಇದು ನಮ್ಮೂರ ಅಮ್ಮ.”