ಕಾದಂಬರಿಯೊಳಗಿನ ಎಮ್ಮೆ ಮದ್ದು

"ಗುರುಗಳೇ, ಬದುಕಿರುವ ಲೇಖಕರ ಪುಸ್ತಕದ ಬಗ್ಗೆ ಮಾತನಾಡುವಾಗ ಹೊಗಳಬೇಕೋ, ತಪ್ಪು ಎತ್ತಿ ತೋರಿಸಬೇಕೋ?"

ಹೀಗೆ ಕೇಳಿದವನು ಶಿಷ್ಯ ಅಡಿವೆಪ್ಪ. ಮರುದಿನ ಅವನು ಒಂದು ಹೊಸ ಕಾದಂಬರಿಯ ಬಿಡುಗಡೆಯಲ್ಲಿ ಮಾತನಾಡಬೇಕಿತ್ತು. ಪುಸ್ತಕ ಕಂಕುಳಲ್ಲೇ ಇತ್ತು.

"ಬರೆದವರು ಎದುರಿಗೇ ಕೂತಿರುತ್ತಾರೆ. ಹೊಗಳಿದರೆ ಜನ ನನ್ನನ್ನು ಬಾಲಬಡುಕ ಅಂತಾರೆ. ತಪ್ಪು ಹೇಳಿದರೆ ಅವರು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ನಿನ್ನೆಯಿಂದ ಊಟ ಸೇರುತ್ತಿಲ್ಲ."

ಗುರುಗಳು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಲೇಖಕನಿದ್ದ. ತನ್ನ ತಾಯಿಯ ಕೊನೆಯ ದಿನಗಳನ್ನು ಕುರಿತು ಅವನು ಒಂದು ಕಾದಂಬರಿ ಬರೆದ. ವರ್ಷಗಟ್ಟಲೆ ಬರೆದ. ತಾಯಿ ಸಾಯುವ ಪುಟಗಳನ್ನಂತೂ ಹರಿದು ಹರಿದು ಬರೆದ. ಅದರ ಬಿಡುಗಡೆಗೆ ಒಬ್ಬ ಹೆಸರಾಂತ ವಿಮರ್ಶಕನನ್ನು ಕರೆದರು. ಮುದ್ರಣಾಲಯದವರು ಮೊದಲ ಪ್ರತಿಯನ್ನು ಅವನಿಗೇ ಕಳಿಸಿದ್ದರು.

ಲೇಖಕ ಮಾತ್ರ ತನ್ನ ಪುಸ್ತಕವನ್ನು ತೆರೆದಿರಲಿಲ್ಲ. ಎಲ್ಲಿ ಅಚ್ಚಿನ ತಪ್ಪು ಕಣ್ಣಿಗೆ ಬೀಳುತ್ತದೋ ಎಂಬ ಹೆದರಿಕೆ. ಬರೆಯುವವರಿಗೆಲ್ಲ ಇರುವ ಹೆದರಿಕೆಯೇ ಅದು. ಸಭೆ ಶುರುವಾಗುವ ಮುಂಚೆ, ತಡೆಯಲಾರದೆ ಒಂದು ಪ್ರತಿ ತೆರೆದ.

ತಾಯಿ ನೀರು ಕೇಳುವ ಪುಟ ಸರಿಯಾಗಿಯೇ ಇತ್ತು. ಮುಂದಿನ ಪುಟದಲ್ಲಿ ಮಗ ಲೋಟ ಹಿಡಿದು ಬರಬೇಕಿತ್ತು. ಅಲ್ಲಿ ಹೊಟ್ಟೆ ಉಬ್ಬರಿಸಿದ ಎಮ್ಮೆಗೆ ಏನು ಕುಡಿಸಬೇಕೆಂದು ಬರೆದಿತ್ತು. ಅದೇ ಮುದ್ರಣಾಲಯದಲ್ಲಿ ಜಾನುವಾರು ಮದ್ದಿನ ಪುಸ್ತಕವೂ ಅಚ್ಚಾಗುತ್ತಿತ್ತು. ಪುಸ್ತಕ ಹೊಲಿಯುವವರು ಅದರ ಹಾಳೆಗಳನ್ನು ಇದರೊಳಗೆ ಸೇರಿಸಿಬಿಟ್ಟಿದ್ದರು. ತಾಯಿ ಸಾಯುವ ಪುಟಗಳು ಇರಲೇ ಇಲ್ಲ. ಇನ್ನೊಂದು ಪ್ರತಿ ತೆರೆದ. ಮತ್ತೊಂದು ತೆರೆದ. ಎಲ್ಲದರಲ್ಲೂ ಎಮ್ಮೆಯೇ. ವಿಮರ್ಶಕನಿಗೆ ಹೋದ ಪ್ರತಿಯಲ್ಲೂ ಅದೇ ಇದ್ದಿರಬೇಕು.

ವಿಮರ್ಶಕ ಇದನ್ನು ಎತ್ತಿಕೊಂಡು ಆಡಿದರೆ ಸಭೆಯೆಲ್ಲ ಬಿದ್ದು ಬಿದ್ದು ನಗುತ್ತದೆ, ಅಮ್ಮನ ಸಾವು ಊರವರ ಬಾಯಲ್ಲಿ ತಮಾಷೆಯಾಗುತ್ತದೆ ಎಂದು ಅವನು ಹೆದರಿದ. ಎದ್ದು ಹೋಗೋಣವೆಂದರೆ ಆಗಲೇ ವೇದಿಕೆಗೆ ಕರೆದಿದ್ದರು.

ವಿಮರ್ಶಕನಿಗೂ ಆತಂಕವಿತ್ತು, ನಿನ್ನದೇ ಆತಂಕ. ಎಷ್ಟು ಹೊಗಳಬೇಕು, ಎಷ್ಟು ತೆಗಳಬೇಕು ಎಂದು ಅವನು ವಾರವಿಡೀ ಅಳೆದೂ ಸುರಿದೂ ಮಾತು ಸಿದ್ಧಮಾಡಿಕೊಂಡಿದ್ದ. ಭಾಷೆ ಅಲ್ಲಲ್ಲಿ ಭಾರವಾಗಿದೆ ಎಂದ. ಅವಸರ ಬೇಡವಾಗಿತ್ತು ಎಂದ. ಕೊನೆಗೆ, ತಾಯಿಯ ಸಾವಿನ ಪ್ರಸಂಗವೊಂದೇ ಸಾಕು, ಈ ಪುಸ್ತಕ ಉಳಿಯುತ್ತದೆ ಎಂದ. ಸಭೆ ಚಪ್ಪಾಳೆ ತಟ್ಟಿತು.

ಊಟದ ಹೊತ್ತಿಗೆ ಲೇಖಕ ಅವನ ಹತ್ತಿರ ಬಂದು ನಿಂತ.

"ಅಮ್ಮ ಸಾಯುವ ಪುಟಗಳು ನಿಮಗೆ ನಿಜವಾಗಿ ಹಿಡಿಸಿದವೇ, ಸರ್?"

"ಹಿಡಿಸಿದವೇ ಅಂತ ಕೇಳ್ತೀರಲ್ಲ. ಅದನ್ನೇ ಎರಡು ಸಲ ಓದಿದೆ."

ಲೇಖಕ ಕೈಮುಗಿದ. ಎಲ್ಲರೆದುರು ನಗೆಪಾಟಲಾಗುವೆನೆಂದು ಹೆದರಿದ್ದವನು, ಯಾರಾದರೂ ಒಬ್ಬರು ನಕ್ಕಿದ್ದರೂ ಸಾಕಿತ್ತಲ್ಲ ಎಂದು ಆಗ ಹಂಬಲಿಸಿದ. ಪುಸ್ತಕವನ್ನು ಸರಿಮಾಡಿಸುವ ಗೋಜಿಗೂ ಹೋಗಲಿಲ್ಲ. ಆಮೇಲೆ ಅವನು ಏನನ್ನೂ ಬರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ, "ಹಾಗಾದರೆ ಆ ವಿಮರ್ಶಕ ತಪ್ಪನ್ನೇ ಹೇಳಬೇಕಿತ್ತು ಅನ್ನುತ್ತೀರಾ?" ಎಂದು ಕೇಳಿದ.

"ಅದಿರಲಿ ಅಡಿವೆಪ್ಪ, ನಿನ್ನ ಕಂಕುಳಲ್ಲಿರುವ ಪುಸ್ತಕದಲ್ಲಿ ಎಮ್ಮೆ ಮದ್ದು ಇದೆಯೋ ಇಲ್ಲವೋ, ಅಷ್ಟು ಹೇಳು."

ಅಡಿವೆಪ್ಪ ಪುಸ್ತಕವನ್ನು ಕೈಗೆ ತೆಗೆದುಕೊಂಡ. ಆಗ ಮೊದಲ ಸಲ ಅದನ್ನು ತೆರೆದು, ಮೊದಲ ಪುಟದಿಂದ ಓದತೊಡಗಿದ.