ಚುಕ್ಕಿಗವಿಗೆ ಆ ಹೆಸರು ಬಂದದ್ದು

ಕುಷ್ಟಗಿ ಸೀಮೆಯ ಹಿರೇಗೊಪ್ಪರಗಿಯಿಂದ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಬೋಳುಗುಡ್ಡ ಸಿಗುತ್ತದೆ. ಅದರ ನಡುವಿನಲ್ಲಿರುವ ಗವಿಯ ಬಾಯಿಗೆ ಎದೆಮಟ್ಟದ ಕಲ್ಲಿನ ಗೋಡೆ, ಅದರ ಮೇಲೆ ಕಬ್ಬಿಣದ ಜಾಲರಿ. ಬಂದವರು ಜಾಲರಿಯ ಸಂದಿಗೆ ಮೊಬೈಲು ಹಿಡಿದು, ಫ್ಲ್ಯಾಶ್ ಹಾಕಿ ಒಳಗಿನ ಕತ್ತಲೆಯ ಫೋಟೋ ತೆಗೆಯುತ್ತಾರೆ. ಕೆಲವು ಸಾಸಿವೆಯಷ್ಟು, ಕೆಲವು ಬಳೆಯಷ್ಟು ದುಂಡಗಿನ ಬಿಳಿ ಚುಕ್ಕಿಗಳು ಅದರಲ್ಲಿ ಮೂಡುತ್ತವೆ. ಯಾವುದೋ ಕಾಲದ ಋಷಿಗಳ ತೇಜಸ್ಸು ಇದು ಎನ್ನುತ್ತಾರೆ ಹೊರಗಿನವರು. ಊರಿನವರಿಗೆ ಗೊತ್ತಿರುವ ಸಂಗತಿ ಬೇರೆ. ಇಲ್ಲಿನ ಶಾಲೆಯಲ್ಲಿ ಬಹಳ ವರ್ಷ ಮಾಸ್ತರನಾಗಿದ್ದ ನಾನು ಅದರಲ್ಲಿ ಕೆಲವನ್ನು ಕಣ್ಣಾರೆ ಕಂಡಿದ್ದೇನೆ, ಉಳಿದದ್ದನ್ನು ಅದರಲ್ಲಿ ಪಾಲಿದ್ದವರಿಂದಲೇ ಕೇಳಿದ್ದೇನೆ.

ಹಿಂದೆ ಒಮ್ಮೆ ಇದಕ್ಕೆ ಬಿಳಿಮಣ್ಣಿನ ಗವಿ ಎಂದೇ ಹೆಸರಿತ್ತು. ಹಿಂದೆ ಎಂದರೆ ರಾಜರ ಕಾಲವಲ್ಲ, ಡಿಜಿಟಲ್ ಕ್ಯಾಮೆರಾ ನಮ್ಮ ಕಡೆ ಕಾಲಿಡುವ ಮುಂಚಿನ ಕಾಲ. ಮನೆಯ ಗೋಡೆ ಸಾರಿಸಲು ಹೆಂಗಸರು ಒಳಹೊಕ್ಕು, ಹಿಟ್ಟಿನಂತೆ ನುಣುಪಾದ ಮಣ್ಣನ್ನು ಅಗೆದು ಬುಟ್ಟಿ ತುಂಬಿಕೊಳ್ಳುತ್ತಿದ್ದರು. ಅಜ್ಜಿಯರು ಅಗೆದ ಜಾಗವನ್ನೇ ಮೊಮ್ಮಕ್ಕಳೂ ಅಗೆದು ಒಳಗೆ ದೊಡ್ಡ ಪೊಳ್ಳಾಗಿತ್ತು. ಒಂದು ದಸರೆಯ ಮುಂಚೆ ಮೇಲಿನ ಮಣ್ಣು ಕುಸಿದು, ಬಾಳವ್ವ ಎಂಬುವಳ ಒಬ್ಬಳೇ ಮಗಳು, ಹತ್ತೊಂಬತ್ತರ ಯಂಕವ್ವ, ಒಳಗೇ ಸತ್ತಳು. ಗವಿಯನ್ನು ಮುಚ್ಚಿಸಬೇಕೆಂದು ಪಂಚಾಯಿತಿಯವರು ಅರ್ಜಿ ಬರೆದರು. ಅದರ ಜೊತೆಗಿಡಲು ಫೋಟೋ ತೆಗೆಯುವುದಕ್ಕೆ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಮೌಲಾಸಾಬರನ್ನು ಕರೆಸಿದರು. ಅವರು ಆಗಷ್ಟೇ ಅಂಗೈಯಗಲದ ಹೊಸ ಕ್ಯಾಮೆರಾ ಕೊಂಡಿದ್ದರು. ಮಗಳು ಬಿದ್ದ ಜಾಗವನ್ನು ತೋರಿಸಲು ಬಾಳವ್ವ ಒಳಗೆ ನಿಂತಳು.

ಫೋಟೋ ಬಂದಾಗ ಊರು ದಂಗಾಯಿತು. ಬಾಳವ್ವನ ಸುತ್ತ ಬಿಳಿ ಚುಕ್ಕಿಗಳು ತೇಲುತ್ತಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅವಳ ಭುಜಕ್ಕೆ ಆತುಕೊಂಡಂತಿತ್ತು. ಅದು ಯಂಕವ್ವನೇ ಎಂದು ಯಾರೋ ಅಂದರು, ಬಾಳವ್ವ ನಂಬಿದಳು. ಅಂದಿನಿಂದ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗವಿಗೆ ಹೋಗಿ, ಅರ್ಧ ರೊಟ್ಟಿಯನ್ನು ಮಗಳಿಗೆಂದು ಇಟ್ಟು ಕೂರತೊಡಗಿದಳು. ತಿಂಗಳೊಪ್ಪತ್ತಿನಲ್ಲಿ ಸುತ್ತಲಿನ ಹಳ್ಳಿಗಳಿಂದ ಮಕ್ಕಳನ್ನು ಕಳೆದುಕೊಂಡವರೂ ಬಂದು ಅವಳ ಪಕ್ಕ ಕೂತರು. ಗವಿಯನ್ನು ಚುಕ್ಕಿಗವಿ ಎಂದು ಕರೆದವರು ಅವರೇ. ಆತ್ಮಗಳನ್ನು ಒಳಗಿಟ್ಟು ಬಾಗಿಲು ಹಾಕುವುದೆಂತು ಎಂಬ ಮಾತೆದ್ದು, ಮುಚ್ಚಿಸುವ ವಿಚಾರ ಅಲ್ಲಿಗೇ ನಿಂತಿತು. ಮಣ್ಣು ಮಾತ್ರ ಮೇಲಿನಿಂದ ಆಗಾಗ ಹಿಡಿಹಿಡಿಯಾಗಿ ಉದುರುತ್ತಲೇ ಇತ್ತು.

ಇತ್ತ ಮೌಲಾಸಾಬರು ಒಂದು ಹಿಟ್ಟಿನ ಗಿರಣಿಯ ಪೂಜೆಗೆ ಹೋಗಿ ಫೋಟೋ ತೆಗೆದರು. ಅಲ್ಲಿಯೂ ಅವೇ ಚುಕ್ಕಿಗಳು! ಗಿರಣಿಯಲ್ಲಿ ಯಾರೂ ಸತ್ತಿರಲಿಲ್ಲ. ಫ್ಲ್ಯಾಶ್ ಇಲ್ಲದೆ ತೆಗೆದರು, ಚುಕ್ಕಿಯಿಲ್ಲ. ಹಳೆಯ ರೀಲಿನ ಕ್ಯಾಮೆರಾದಲ್ಲಿ ಫ್ಲ್ಯಾಶ್ ಒಂದು ಗೇಣು ಮೇಲಿರುತ್ತಿತ್ತು, ಅದರಲ್ಲಿ ತೆಗೆದರೂ ಇಲ್ಲ. ಹೊಸದರಲ್ಲಿ ಫ್ಲ್ಯಾಶು ಲೆನ್ಸಿನ ಮಗ್ಗುಲಲ್ಲೇ ಇದೆ. ಲೆನ್ಸಿನ ಮುಂದೆಯೇ ತೇಲುವ ಧೂಳಿನ ಕಣಕ್ಕೆ ಆ ಬೆಳಕು ಬಡಿದು ನೇರ ಹಿಂದಕ್ಕೆ ಬರುತ್ತದೆ. ತೀರಾ ಹತ್ತಿರವಿರುವ ಕಣ ಸ್ಪಷ್ಟವಾಗಿ ಮೂಡಲಾರದೆ ಮಸುಕಾಗಿ, ದುಂಡಗೆ ಹರಡಿಕೊಳ್ಳುತ್ತದೆ. ಇಷ್ಟು ತಿಳಿದ ಮೇಲೆ ಅವರಿಗೆ ಎರಡು ದಿನ ಊಟ ಸೇರಲಿಲ್ಲವಂತೆ. ಮೂರನೆಯ ದಿನ ಗವಿಗೆ ಬಂದರು. ಅಂದು ನಾನೂ ಅಲ್ಲಿದ್ದೆ.

"ಅಕ್ಕಾ, ಅದು ಯಂಕವ್ವ ಅಲ್ಲ. ಧೂಳು" ಎಂದರು.

"ಫೋಟೋ ತೆಗದಾಂವ ನೀನ, ಈಗ ಅಲ್ಲ ಅನ್ನಾಂವನೂ ನೀನ. ಯಾವ ಮಾತು ನಂಬ್ಲಿ, ತಮ್ಮಾ?"

"ನನ್ನ ಮಾತು ನಂಬಬ್ಯಾಡ್ರಿ. ನೀವ ನೋಡ್ರಿ."

ಸೆರಗನ್ನು ಕೊಡವಲು ಹೇಳಿ ಒಂದು ಫೋಟೋ ತೆಗೆದರು. ಚುಕ್ಕಿಗಳು ಹಿಂದೆಂದೂ ಕಾಣದಷ್ಟು ಒತ್ತಾಗಿ ಮೂಡಿದ್ದವು. ಆಮೇಲೆ ನಾಲ್ಕು ಕೊಡ ನೀರು ಚಿಮುಕಿಸಿ, ಎಲ್ಲರನ್ನೂ ಅಲುಗದಂತೆ ಕೂರಿಸಿ, ಬಹಳ ಹೊತ್ತು ಬಿಟ್ಟು ಮತ್ತೊಂದು ತೆಗೆದರು. ಅದರಲ್ಲಿ ಬಾಳವ್ವ ಒಬ್ಬಳೇ ಇದ್ದಳು. ಅವಳು ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಮೌಲಾಸಾಬರು ತಲೆಯೆತ್ತಲಿಲ್ಲ.

"ಹಂಗಾದ್ರ ಇಷ್ಟು ದಿನ ನಾ ರೊಟ್ಟಿ ಇಟ್ಟಿದ್ದು," ಎಂದಳು ಕೊನೆಗೆ, "ಅಕಿನ್ನ ಮುಚ್ಚಿದ ಮಣ್ಣಿಗೆ."

ಅವಳು ಎದ್ದು, ಕೂತಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ರಟ್ಟೆ ಹಿಡಿದು ಹೊರಗೆ ಕರೆತಂದಳು. ಬರಲೊಲ್ಲದವರಿಗೆ, "ಒಳಗ ಯಾರೂ ಇಲ್ಲ, ಏಳ್ರಿ" ಎಂದಷ್ಟೇ ಹೇಳಿದಳು. ಆ ಮಾತನ್ನು ಬೇರೆ ಯಾರೇ ಆಡಿದ್ದರೂ ಜಗಳವಾಗುತ್ತಿತ್ತು. ಎಂಟು ದಿನದೊಳಗೆ ಗೋಡೆಯೆದ್ದಿತು. ಮುಂದಿನ ಮಳೆಗಾಲದಲ್ಲಿ, ಅವರೆಲ್ಲ ಕೂರುತ್ತಿದ್ದ ಜಾಗದ ಮೇಲೆಯೇ ಆಳೆತ್ತರದ ಮಣ್ಣು ಕುಸಿದು ಬಿತ್ತು.

ಗೋಡೆ ಕಟ್ಟಿದರೂ ಮನೆ ಸಾರಿಸಲು ಮಣ್ಣು ಬೇಕಲ್ಲ. ಆ ಮಳೆಗೆ ಮುಂಚಿನ ಬೇಸಿಗೆಯಿಡೀ ಬಾಳವ್ವ ಸಲಿಕೆ ಹಿಡಿದು ಗುಡ್ಡ ಸುತ್ತಿದಳು. ಬೆನ್ನಕಡೆಯ ಇಳಿಜಾರಿನಲ್ಲಿ, ಮೊಣಕಾಲುದ್ದ ಅಗೆದರೆ ಸಾಕು ಎನ್ನುವಂತೆ ಅದೇ ಬಿಳಿಮಣ್ಣಿನ ಪದರು ಅವಳಿಗೆ ಸಿಕ್ಕಿತು. ಮೇಲೆ ಆಕಾಶವಲ್ಲದೆ ಬೇರೇನೂ ಇಲ್ಲದ ಜಾಗ. ಈಗಲೂ ದಸರೆಯ ಹಿಂದುಮುಂದಿನಲ್ಲಿ ಗುಡ್ಡ ಬಳಸಿ ಹೋದವರಿಗೆ, ಬಿಸಿಲಲ್ಲಿ ಕೂತು ಹರಟುತ್ತ ಬುಟ್ಟಿ ತುಂಬುವ ಹೆಂಗಸರು ಕಾಣುತ್ತಾರೆ. ಅವರ ಕೈಗಳು ಮೊಣಕೈವರೆಗೆ ಬೆಳ್ಳಗಿರುತ್ತವೆ. ಆ ಜಾಗಕ್ಕೆ ಹೆಸರೇನೆಂದು ಕೇಳಿದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅದಕ್ಕೆ ಈವರೆಗೆ ಯಾರೂ ಹೆಸರಿಟ್ಟಿಲ್ಲ.